ಪಾಠದಪ್ಪನ ಮನೆಗೆ ನಾಲ್ಕು ನಿಂಬೆಹಣ್ಣು

ಸೆಪ್ಟೆಂಬರ್ 14, ಭಾನುವಾರ

ಈ ಡೈರಿ ಅತ್ತೆ ಗದಗಿನಿಂದ ತಂದದ್ದು. ಯಾವುದೋ ಸಹಕಾರಿ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟದ್ದಂತೆ. ಜನವರಿಯಿಂದ ಎಂಟು ತಿಂಗಳ ಪುಟಗಳು ಖಾಲಿ ಇವೆ. ಇರಲಿ, ಆ ಎಂಟು ತಿಂಗಳಲ್ಲಿ ನಾನೂ ಬರೆದಿಡುವಂಥದ್ದೇನೂ ಮಾಡಿಲ್ಲ.

ಅತ್ತೆ ಬಂದು ಹತ್ತು ದಿನವಾಯಿತು. ಹೆಸರು ಶಾಂತವ್ವ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಇಲ್ಲಿ ಅಮೆರಿಕದ ಲಿಸ್ಲ್ ಊರಿನ ನಮ್ಮ ಮನೆಯ ಊಟದ ಟೇಬಲ್ಲಿನಲ್ಲೂ ಹಾಜರಿ ಹಾಕುತ್ತಾರೆ. ಮೊಮ್ಮಗ ಸುಶ್ರುತ ಎರಡು ನಿಮಿಷ ತಡವಾಗಿ ಬಂದರೆ ಕನ್ನಡಕದ ಮೇಲಿನಿಂದ ನೋಡುತ್ತಾರೆ. ಹದಿನಾಲ್ಕು ವರ್ಷದ ಹುಡುಗ, ನನ್ನ ಕೂಗಿಗೆ ಕಿವಿಗೊಡದವನು, ಆ ಒಂದು ನೋಟಕ್ಕೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.

ಅಮೆರಿಕದಲ್ಲಿ ಅವರಿಗೆ ನೋಡಬೇಕಾದದ್ದು ಒಂದೇ. ಜಲಪಾತ ಬೇಡ, ನ್ಯೂಯಾರ್ಕ್ ಬೇಡ. ಇಲ್ಲಿನ ಒಬ್ಬ ಹಳೆಯ ಅಧ್ಯಕ್ಷರ ಹೊಲದ ಮನೆ. ಮಿಷಿಗನ್ನಿನಲ್ಲಿದೆ, ನಮ್ಮಿಂದ ನೂರ ನಲವತ್ತು ಮೈಲು. ಇದ್ದದ್ದು ಇದ್ದ ಹಾಗೆ ಕಾಪಾಡಿ ಇಟ್ಟಿದ್ದಾರಂತೆ. ಆತನ ಮೇಲೆ ಒಂಬತ್ತನೇ ಇಯತ್ತೆಯಲ್ಲಿ ಒಂದು ಪಾಠವಿತ್ತು. ಅದರ ಕೊನೆಯ ಸಾಲನ್ನು ಅತ್ತೆ ಈಗಲೂ ಪುಸ್ತಕ ನೋಡದೆ ಹೇಳುತ್ತಾರೆ: "ಅಧಿಕಾರಾವಧಿ ಮುಗಿದ ಮೇಲೆ ಅವರು ತಮ್ಮ ಹೊಲಕ್ಕೆ ಮರಳಿ ಸಾಮಾನ್ಯ ಕೃಷಿಕರಂತೆ ಬಾಳಿದರು." ಆತನ ಹೆಸರನ್ನಂತೂ ಅವರು ಹೇಳುವುದೇ ಇಲ್ಲ, 'ಪಾಠದಾಗಿನ ಅಧ್ಯಕ್ಷ' ಎನ್ನುತ್ತಾರೆ. ಸುಶ್ರುತ ಅದನ್ನು 'ಪಾಠದಪ್ಪ' ಮಾಡಿದ್ದಾನೆ. ಈಗ ಮನೆಯಲ್ಲಿ ಎಲ್ಲರಿಗೂ ಪಾಠದಪ್ಪನೇ.

ಆ ಮನೆ ಅಕ್ಟೋಬರ್ 25ಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ತಿಂಗಳಲ್ಲಿ. ಅತ್ತೆಯ ವಾಪಸ್ ವಿಮಾನ ಅಕ್ಟೋಬರ್ 30ಕ್ಕೆ. ನನ್ನ ಗಂಡ ಶ್ರೀಕಾಂತ್ ಕರೆದುಕೊಂಡು ಹೋಗುತ್ತಾನೆ. ಅವನ ಅಮ್ಮ, ಅವನ ಜವಾಬ್ದಾರಿ.

ಸೆಪ್ಟೆಂಬರ್ 21, ಭಾನುವಾರ

ಶ್ರೀಕಾಂತ್ ಬಂದ, ಉಂಡ, ಮಲಗಿದ, ಹೋದ. ಎರಡು ವರ್ಷದಿಂದ ಇದೇ ಆಗಿದೆ. ಸೋಮವಾರದಿಂದ ಶುಕ್ರವಾರ ಮಿಷಿಗನ್ನಿನ ಡಿಯರ್‌ಬಾರ್ನ್‌ನ ಕಾರು ಕಂಪನಿ, ಅಲ್ಲೊಂದು ಬಾಡಿಗೆ ಅಪಾರ್ಟ್‌ಮೆಂಟು, ಶನಿವಾರ ಇಲ್ಲಿ ಸೋಫಾ. ಅವನ ಹೊಸ ಮಾಡೆಲ್ ಲಾಂಚ್ ಹತ್ತಿರ ಬಂದಿದೆಯಂತೆ, ಇನ್ನು ಶನಿವಾರವೂ ಕೆಲಸ. ಆದರೂ "ಅವ್ವಾ, ಮುಂದಿನ ವಾರ ಗ್ಯಾರಂಟಿ" ಎಂದ.

ಹೊರಡುವ ಮುಂಚೆ ನನ್ನ ಹತ್ತಿರ ಮೆಲ್ಲಗೆ ಕೇಳಿದ. "ನೀನೇ ಕರ್ಕೊಂಡು ಹೋಗ್ಬಹುದಲ್ಲ, ಮೈತ್ರೇಯಿ?"

"ಸುಶ್ರುತನ ಸಾಕರ್ ಇರತ್ತೆ" ಎಂದೆ.

ಸಾಕರ್ ಮೊನ್ನೆಯೇ ಮುಗಿದಿದೆ. ಅವನಿಗೂ ಗೊತ್ತು.

ಇಲ್ಲಿ ಬರೆಯಲು ಏನು ನಾಚಿಕೆ, ಯಾರು ಓದುತ್ತಾರೆ? ಜನವರಿ 9, ಐ-88 ಹೆದ್ದಾರಿ, ಮಧ್ಯಾಹ್ನ ಮೂರೂವರೆ. ಪಕ್ಕದ ಲೇನಿನಲ್ಲಿ ಒಂದು ಉದ್ದನೆಯ ಟ್ರಕ್ ನನ್ನನ್ನು ದಾಟಿ ಹೋಯಿತು. ಅದು ಎರಚಿದ ಕೆಸರು ಹಿಮದಲ್ಲಿ ಗಾಜಿನಾಚೆ ಏನೂ ಕಾಣಲಿಲ್ಲ, ಬ್ರೇಕ್ ಒತ್ತಿದೆ. ಕಾರು ಎರಡು ಸುತ್ತು ಗಿರ್ರನೆ ತಿರುಗಿ ತಡೆಗೋಡೆಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ಸುಶ್ರುತ ಇದ್ದ. ಇಬ್ಬರಿಗೂ ಏನೂ ಆಗಲಿಲ್ಲ. ಕಾರು ಮಾತ್ರ ಗುಜರಿಗೆ ಹೋಯಿತು. ಅಂದಿನಿಂದ ನಾನು ಡ್ರೈವ್ ಮಾಡಿಲ್ಲ. ಡೆಸ್ ಪ್ಲೇನ್ಸಿನ ಕಾರ್ಗೋ ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ, ದಿನಸಿ ಬಾಗಿಲಿಗೆ ಬರುತ್ತದೆ, ಸುಶ್ರುತನಿಗೆ ಸ್ಕೂಲ್ ಬಸ್ ಇದೆ. ಏನೂ ತೊಂದರೆಯಿಲ್ಲ. ಫೆಬ್ರವರಿಯಲ್ಲಿ ಬಂದ ಹೊಸ ಕಾರು ಗ್ಯಾರೇಜಿನಲ್ಲಿ ತಣ್ಣಗೆ ನಿಂತಿದೆ.

ಸುಶ್ರುತ ಆ ದಿನದ ಬಗ್ಗೆ ಮಾತಾಡುವುದಿಲ್ಲ. ಮೊದಲು ಕಾರು ಹತ್ತಿದ ಐದೇ ನಿಮಿಷಕ್ಕೆ ನಿದ್ದೆ ಮಾಡುತ್ತಿದ್ದ ಹುಡುಗ. ಈಗ ಅಪ್ಪ ಓಡಿಸಿದರೂ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಿರುತ್ತಾನೆ.

ಸೆಪ್ಟೆಂಬರ್ 27, ಶನಿವಾರ

ಶ್ರೀಕಾಂತ್ ಬರಲಿಲ್ಲ. ಗ್ಯಾರಂಟಿ ಮುಂದಿನ ವಾರಕ್ಕೆ ಹೋಗಿದೆ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಮಿಕ್ಸಿ, ಲ್ಯಾಪ್‌ಟಾಪು, ಇಡ್ಲಿ ಕುಕ್ಕರಿಗೆಲ್ಲ ಕುಂಕುಮ ಹಚ್ಚಿ ಮುಗಿಸಿದೆವು. ಆಮೇಲೆ ಅತ್ತೆ ಕೇಳಿದರು. "ಕಾರಿನ ಪೂಜಾ ಯಾವಾಗ ಆತು?"

ಆಗಿಲ್ಲ ಎಂದೆ. ಹಿಮದಲ್ಲಿ ಡೀಲರ್ ಕಡೆಯವರು ತಂದು ನಿಲ್ಲಿಸಿ ಹೋದದ್ದು, ಯಾರಿಗೆ ಪೂಜೆಯ ನೆನಪು?

"ಎಂಟು ತಿಂಗಳು? ಪೂಜಾ ಇಲ್ಲದ ಗಾಡ್ಯಾಗ ನನ್ನ ಮಗ ಕುಂತಾನ?" ಅವರ ದನಿ ಏರಿತು. ನಾನು ಗೈರುಹಾಜರಾಗಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಿಂತಿದ್ದೆ.

ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ವೈಪರಿಗೆ ಸಿಕ್ಕಿಸಿದ ಚೆಂಡು ಹೂವು. ಎದುರುಮನೆಯವನು ನಾಯಿಯ ಜೊತೆ ನಿಂತು ನೋಡಿದ, ನಾಯಿಯೂ ನೋಡಿತು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಅತ್ತೆ ಪಕ್ಕಕ್ಕೆ ಸರಿದರು. "ಹತ್ತು. ಹಣ್ಣು ಒಡದ್ರ ಸಾಕು."

"ಶ್ರೀಕಾಂತ್ ಬರಲಿ ಅತ್ತೆ."

"ಗಾಡಿ ಯಾರ ಹೆಸರಿಲೆ ಅದ?"

ನನ್ನ ಹೆಸರಿನಲ್ಲೇ ಇದೆ.

"ಮತ್ತ ಹತ್ತು. ನಿನ್ನ ಯಾರು ಊರಿಗೆ ಕಳಸಾಕ್ಹತ್ಯಾರ? ಮೂರು ಫೂಟು ಮುಂದ ಬಾ."

ಹತ್ತಿದೆ. ಕೈಯ ಕುಂಕುಮ ಸ್ಟಿಯರಿಂಗಿಗೆಲ್ಲ ಹತ್ತಿತು. ಬ್ರೇಕಿನಿಂದ ಕಾಲು ಒಂದಿಷ್ಟೇ ಎತ್ತಿದೆ. ಪಚ್ ಎಂದಿತು. ನಿಲ್ಲಿಸಿದೆ. ಮೂರು ಅಡಿಗಿಂತ ಒಂದಿಂಚು ಹೆಚ್ಚಿಲ್ಲ.

ಸ್ನಾನ ಮಾಡಿದ ಮೇಲೂ ಮತ್ತೆ ಹೋಗಿ ಕಾರು ನಿಂತಲ್ಲೇ ಇದೆಯೇ ಎಂದು ಎರಡು ಸಲ ನೋಡಿ ಬಂದೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಅಕ್ಟೋಬರ್ 3, ಶುಕ್ರವಾರ

ಹಿಂದಿನ ಎಡ ಚಕ್ರದ ಹಣ್ಣು ಸರಿಯಾಗಿ ಒಡೆದಿರಲಿಲ್ಲವಂತೆ. ಮತ್ತೆ ನಾಲ್ಕು ಹಣ್ಣು. ಈ ಸಲ ಅಂಚೆ ಡಬ್ಬದವರೆಗೆ ಹೋಗಿ ಬಂದೆ, ಏಕೆಂದರೆ ಹೇಗೂ ಸ್ಟಾರ್ಟ್ ಮಾಡಿದ್ದೆ.

ಅಕ್ಟೋಬರ್ 11, ಶನಿವಾರ

ಈಗ ದಿನಾ ನಾಲ್ಕು ನಿಂಬೆಹಣ್ಣು. ಏನು ನೆಪವೋ ಅತ್ತೆಗೆ! ಒಂದು ದಿನ ಅಮಾವಾಸ್ಯೆ ಹತ್ತಿರ ಬಂತು, ಒಂದು ದಿನ ಕಾಗೆ ಕೂತಿತ್ತು, ಒಂದು ದಿನ ಎದುರುಮನೆಯ ನಾಯಿಯ ದೃಷ್ಟಿ. ಹಣ್ಣು ಮುಗಿದಾಗ ಅಂಗಡಿಗೆ ಹೋಗಲೇಬೇಕಾಯಿತು. ಡೆಲಿವರಿಯವರು ಕೊಳೆತದ್ದನ್ನು ತರುತ್ತಾರೆ, ಪೂಜೆಗೆ ಆಗದು ಎಂದು ಅವರದೇ ತೀರ್ಪು. ಮೂರು ಮೈಲು. ಊರೊಳಗಿನ ರಸ್ತೆ, ಮೂವತ್ತರ ವೇಗ. ಬರುವಾಗ ಒಬ್ಬ ಇಂಡಿಕೇಟರ್ ಹಾಕದೆ ನುಗ್ಗಿದ. ಇಂಥವರಿಗೆಲ್ಲ ಯಾರು ಲೈಸೆನ್ಸ್ ಕೊಡುತ್ತಾರೋ!

ಶ್ರೀಕಾಂತ್ ಈ ವಾರವೂ ಇಲ್ಲ. ಸಾಲಾಗಿ ಮೂರು ಶನಿವಾರ ಹೋದವು.

ಪಾಠದಪ್ಪನ ಮನೆಯ ಮೇಲೆ ಅತ್ತೆಗೆ ಇಷ್ಟು ಹಟ ಯಾಕೆಂದು ಇಂದು ತಿಳಿಯಿತು. ಎಷ್ಟೋ ವರ್ಷದ ಹಿಂದೆ ಗುರುದೇವಿ ಎಂಬ ಹುಡುಗಿ, ಒಂಬತ್ತನೇ ಇಯತ್ತೆ, ಆ ಕೊನೆಯ ಸಾಲು ಕೇಳಿ ಎದ್ದು ನಿಂತಳಂತೆ. "ಅಧ್ಯಕ್ಷ ಆದಾಂವ ಯಾವನರ ತಿರುಗಿ ಹೊಲಕ್ಕ ಬರ್ತಾನೇನ್ರಿ? ನೀವು ನೋಡೀರೇನ್ರಿ ಟೀಚರ್?" ಇಡೀ ತರಗತಿ ನಕ್ಕಿತಂತೆ. ಅತ್ತೆ ಅವಳನ್ನು ಗಂಟೆ ಬಾರಿಸುವವರೆಗೂ ಹೊರಗೆ ನಿಲ್ಲಿಸಿದರು.

"ಆಕಿ ಕೇಳಿದ್ದು ಬರೋಬ್ಬರಿ ಇತ್ತು" ಎಂದರು ಬೀನ್ಸ್ ಸೋಸುತ್ತ. "ನಾ ನೋಡಿರಲಿಲ್ಲ. ನಂಬಿಕೀನೂ ಇರಲಿಲ್ಲ ನನಗ. ನಂಬಿಕಿ ಇಲ್ಲದ ಮಾತು ಮೂವತ್ತೊಂದು ವರ್ಷ ಹೇಳಿಕೊಟ್ಟೆ, ಕೇಳಿದಾಕಿನ್ನ ಹೊರಗ ಹಾಕಿದೆ. ಈಗ ಆಕೀನ ಅಲ್ಲಿ ಹೆಡ್‌ಮಿಸ್ಟ್ರೆಸ್ಸು. ಕಂಡಾಗೆಲ್ಲ ಕಾಲ ಮುಟ್ಟತಾಳ. ನನಗ ಮುಖ ಎತ್ತಾಕ ಆಗೂದಿಲ್ಲ."

ಅಕ್ಟೋಬರ್ 18, ಶನಿವಾರ

ಕೆಟ್ಟ ದಿನ.

ಶ್ರೀಕಾಂತ್ ಫೋನ್ ಮಾಡಿದ. 25ಕ್ಕೂ ಆಗುವುದಿಲ್ಲ. ಅವನ ದನಿಯೂ ಒಡೆದಿತ್ತು, ಬೈಯಲು ಮನಸ್ಸಾಗಲಿಲ್ಲ. ಅತ್ತೆ ಫೋನ್ ತೆಗೆದುಕೊಂಡು "ಇರ್ಲಿ ಬಿಡಪಾ, ಕೆಲಸ ಮೊದಲು" ಎಂದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಸೂಟ್‌ಕೇಸಿಗೆ ಬಟ್ಟೆ ಮಡಿಸಿ ಇಡತೊಡಗಿದರು, ವಿಮಾನಕ್ಕೆ ಇನ್ನೂ ಹನ್ನೆರಡು ದಿನ ಇರುವಾಗಲೇ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಕೀ ತೆಗೆದುಕೊಂಡು ಒಬ್ಬಳೇ ಹೋದೆ. ಐ-88ಕ್ಕೆ ಏರುವ ತಿರುವಿನವರೆಗೂ ಹೋದೆ. ಮೇಲೆ ಟ್ರಕ್ಕುಗಳ ಸದ್ದು. ಹಿಂದಿನವನು ಹಾರ್ನ್ ಮಾಡಿದ. ನಾನು ಹಸಿರು ದೀಪದಲ್ಲೂ ತಿರುಗದೆ ನೇರ ಹೋಗಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಅಳುತ್ತ ಕುಳಿತೆ.

ಮನೆಗೆ ಬಂದಾಗ ಅತ್ತೆ ಚಹಾ ಕೊಟ್ಟರು. "ನೋಡದಿದ್ರ ಏನಾತವಾ" ಎಂದರಷ್ಟೆ. ಅವರು ಬೈದಿದ್ದರೇ ಚೆನ್ನಾಗಿತ್ತು.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಹತ್ತು ಗಂಟೆ. ನಾಲ್ಕು ಹಣ್ಣು ನಾನೇ ಚಕ್ರದ ಕೆಳಗೆ ಇಟ್ಟೆ. ಐ-88ರಲ್ಲಿ ಒಂದು ಎಕ್ಸಿಟ್‌ನಷ್ಟು ದೂರ. ಹತ್ತಿದೆ, ಇಳಿದೆ.

ಅಕ್ಟೋಬರ್ 23, ಗುರುವಾರ

ಮೂರು ಎಕ್ಸಿಟ್. ಬಲಗಡೆಯ ಲೇನು, ಐವತ್ತರ ವೇಗ. ಎಲ್ಲರೂ ಹಾರ್ನ್ ಮಾಡುತ್ತಾರೆ. ಮಾಡಲಿ, ಅವರಪ್ಪನ ರಸ್ತೆಯೇ?

ಶನಿವಾರದ ಮೂರು ಟಿಕೆಟ್ ಬುಕ್ ಮಾಡಿದೆ. ಕೊನೆಯ ತಂಡ, ಮಧ್ಯಾಹ್ನ 2:45. ಅತ್ತೆಗೆ ಹೇಳಿದಾಗ ಸೂಟ್‌ಕೇಸಿನಿಂದ ಇಳಕಲ್ ಸೀರೆ ಮತ್ತೆ ಹೊರಗೆ ಬಂತು.

ಅಕ್ಟೋಬರ್ 26, ಭಾನುವಾರ ಬೆಳಿಗ್ಗೆ. ಡಿಯರ್‌ಬಾರ್ನ್

ಎಲ್ಲರೂ ಇನ್ನೂ ಮಲಗಿದ್ದಾರೆ. ಡೈರಿಯನ್ನು ಅತ್ತೆಯೇ ಬುತ್ತಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ನಿನ್ನೆಯದನ್ನು ಮೊದಲಿನಿಂದ ಬರೆಯುತ್ತೇನೆ.

ಹತ್ತೂವರೆಗೆ ಹೊರಟೆವು. ಹೊರಡುವಾಗ ಗಡಿಬಿಡಿಯೋ ಗಡಿಬಿಡಿ. ಸುಶ್ರುತ ಚಾರ್ಜರ್ ಮರೆತ, ಅತ್ತೆ ಶೇಂಗಾ ಚಟ್ನಿ ಮರೆತರು, ನಾನು ಗ್ಯಾರೇಜ್ ಮುಚ್ಚಿದೆನೋ ಇಲ್ಲವೋ ಎಂದು ಸುತ್ತು ಹಾಕಿ ವಾಪಸ್ ಬಂದೆ. 88, ಆಮೇಲೆ 294, ಆಮೇಲೆ 94. ಐವತ್ತು ಬಿಟ್ಟು ಮುಳ್ಳು ಮೇಲೇಳಲಿಲ್ಲ. ಇಂಡಿಯಾನಾದಲ್ಲಿ ನಿಂತು ರೊಟ್ಟಿ, ಚಟ್ನಿ, ಮೊಸರು ನಿಧಾನಕ್ಕೆ ತಿಂದೆವು. ಬೇಕಾದಷ್ಟು ಹೊತ್ತಿದೆ ಎಂದು ನಾನೇ ಹೇಳಿದ್ದು.

ಮಿಷಿಗನ್ ಗಡಿ ದಾಟಿದಾಗ ಹನ್ನೆರಡು ಐವತ್ತೆರಡು. ಮರುಗಳಿಗೆಯೇ ಕಾರಿನ ಗಡಿಯಾರ ಒಂದು ಐವತ್ತೆರಡು ತೋರಿಸಿತು.

"ಅಮ್ಮಾ" ಎಂದ ಸುಶ್ರುತ. "ಇಟ್ಸ್ ಈಸ್ಟರ್ನ್ ಟೈಮ್."

ಎರಡು ವರ್ಷದಿಂದ ದಿನಾ ಫೋನಿನಲ್ಲಿ ಗಂಡನ ಜೊತೆ "ನಿಮ್ಮ ಟೈಮಾ, ನಮ್ಮ ಟೈಮಾ" ಎಂದು ಜಗಳವಾಡುವವಳು ನಾನು. ಅಂಥವಳು ಮಿಷಿಗನ್ ನಮಗಿಂತ ಒಂದು ಗಂಟೆ ಮುಂದೆ ಎಂಬುದನ್ನೇ ಮರೆತಿದ್ದೆ! ಇನ್ನು ಐವತ್ತೈದು ಮೈಲು, ಐವತ್ತಮೂರು ನಿಮಿಷ. ಕೊನೆಯ ದಿನದ ಕೊನೆಯ ತಂಡ. ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು. ಇಳಕಲ್ ಸೀರೆ, ಮೇಲೆ ಸ್ವೆಟರು, ಮಡಿಲಲ್ಲಿ ಕೈಜೋಡಿಸಿ ಕುಳಿತಿದ್ದರು. "ಆದಷ್ಟು ಆಗ್ಲಿ" ಎಂದರು. ಅವರಿಗೆ ಲೆಕ್ಕ ತಿಳಿದಿತ್ತು.

ನನ್ನ ಮುಂದೆ ಒಂದು ಉದ್ದನೆಯ ಟ್ರಕ್ ಇತ್ತು. ಅದರ ಹಿಂದೆ ಇದ್ದರೆ ಈ ಜನ್ಮದಲ್ಲಿ ತಲುಪುತ್ತಿರಲಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದೆ. ಸುಶ್ರುತ ಬಾಗಿಲ ಹಿಡಿಯನ್ನು ಹಿಡಿದುಕೊಂಡ. "ಕ್ಲಿಯರ್, ಅಮ್ಮಾ" ಎಂದ. ಹೋದೆ. ಟ್ರಕ್ಕಿನ ಹಿಂದಿನ ಚಕ್ರ, ನಡುವಿನ ಚಕ್ರ, ಮುಂದಿನ ಚಕ್ರ, ಒಂದೊಂದಾಗಿ ಪಕ್ಕದಲ್ಲಿ ಹಿಂದೆ ಸರಿದವು. ನಾನು ಏನೋ ಜೋರಾಗಿ ಕೂಗುತ್ತಿದ್ದೆ. ಏನೆಂದು ನನಗೆ ನೆನಪಿಲ್ಲ, ಸುಶ್ರುತ ಹೇಳಲು ಒಪ್ಪುತ್ತಿಲ್ಲ. ಮುಳ್ಳು ಎಪ್ಪತ್ತೆರಡರಲ್ಲಿತ್ತು. ಆಮೇಲೆ ಇನ್ನೊಂದು ಟ್ರಕ್, ಇನ್ನೊಂದು. ನಾಲ್ಕನೆಯದರಿಂದ ಎಣಿಸುವುದು ಬಿಟ್ಟೆ.

ಎರಡು ಮೂವತ್ತೊಂಬತ್ತಕ್ಕೆ ಜಲ್ಲಿಕಲ್ಲಿನ ಅಂಗಳದಲ್ಲಿ ಕಾರು ನಿಲ್ಲಿಸಿದೆ.

ಮನೆ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಬಿಳಿ ಬಣ್ಣದ ಮರದ ಮನೆ, ಹಿಂದೆ ಕೆಂಪು ದನದ ಕೊಟ್ಟಿಗೆ, ಅಂಗಳದಲ್ಲಿ ಒಂದು ಕೈಪಂಪು. ನಮ್ಮ ಜೊತೆ ಒಂದು ಮುದಿ ದಂಪತಿ, ಆಮೇಲೆ ಓಹಾಯೊದಿಂದ ಬಂದ ಐದು ಜನರ ಕುಟುಂಬ. ಗೈಡ್ ಎಪ್ಪತ್ತು ದಾಟಿದ ಎತ್ತರದ ಮನುಷ್ಯ. ಮನೆಯವರು ಓಡಾಡುತ್ತಿದ್ದದ್ದು ಅಡುಗೆಮನೆಯ ಬಾಗಿಲಿನಿಂದಲೇ, ನಾವೂ ಹಾಗೇ ಹೋಗೋಣ ಎಂದ.

ಅತ್ತೆ ಹೊಸ್ತಿಲ ಮುಂದೆ ನಿಂತು ಬಗ್ಗಿ ಶೂ ಬಿಚ್ಚಿ ಜೋಡಿಸಿಟ್ಟರು.

ನನಗೆ ಮುಜುಗರವಾಯಿತು. "ಅತ್ತೆ, ಇದು ಮ್ಯೂಸಿಯಂ, ಬಿಚ್ಚೋದು ಬೇಡ" ಎಂದು ಪಿಸುಗುಟ್ಟಿದೆ.

"ಮನಿ ಅಂತ ಬರದಾರಲ್ಲ ಬೋರ್ಡಿನ ಮ್ಯಾಲೆ? ಮನಿಯಾಗ ಯಾರರ ಬೂಟ ಹಾಕ್ಕೊಂಡು ಹೋಗ್ತಾರ?"

ಅಷ್ಟರಲ್ಲಿ ಹಿಂದೆ ನಿಂತಿದ್ದ ಮುದುಕಿ ಇದೇ ಇಲ್ಲಿನ ನಿಯಮವೆಂದುಕೊಂಡು ಲೇಸ್ ಬಿಚ್ಚತೊಡಗಿದಳು. ಅವಳ ಗಂಡ ಗೋಡೆ ಹಿಡಿದುಕೊಂಡು ಬಿಚ್ಚಿದ. ಓಹಾಯೊದ ಐದೂ ಜನ ಬಿಚ್ಚಿದರು. ಗೈಡ್ ಬಾಯಿ ತೆರೆದು ಹೇಳಲು ಹೊರಟವನು ತಾನೂ ಬಗ್ಗಿ ತನ್ನ ಬೂಟು ಬಿಚ್ಚಿದ. ಒಳಗೆ ಬಾಗಿಲ ಪಕ್ಕಕ್ಕೆ ಬೆರಳು ತೋರಿಸಿದ. ಅಲ್ಲಿ ಹಲಗೆಯ ಮೇಲೆ ಪಾಠದಪ್ಪನ ಕೆಸರು ಬೂಟುಗಳಿದ್ದವು. ಆತನೂ ಅಲ್ಲೇ ಬಿಚ್ಚಿ ಬರುತ್ತಿದ್ದನಂತೆ, ಹೆಂಡತಿ ಒಳಗೆ ಬಿಡುತ್ತಿರಲಿಲ್ಲವಂತೆ. ಇಷ್ಟು ವರ್ಷದಲ್ಲಿ ಹಾಗೆ ಬಂದ ಮೊದಲ ತಂಡ ನಮ್ಮದೇ ಎಂದ. ನನ್ನ ಮುಜುಗರ ಎಲ್ಲಿ ಹೋಯಿತೋ.

ತಗ್ಗು ಮಾಳಿಗೆ, ಕಬ್ಬಿಣದ ಒಲೆ, ಹಾಲಿನ ಕ್ಯಾನುಗಳು. ಮೂಲೆಯ ಮೇಜಿನಲ್ಲಿ ಗಾಜಿನ ಕೆಳಗೆ ಆತನ ಕೈಬರಹದ ಒಂದು ಹೊಲದ ಪುಸ್ತಕ ತೆರೆದಿತ್ತು. ಗೈಡ್ ಓದಿದ: ಮಳೆ ಬಂತು, ಎರಡನೇ ಗೇಟು ಸರಿಮಾಡಿದೆ, ಕಂದು ಹಸು ಕರು ಹಾಕಿತು.

ಅತ್ತೆ ಕೈ ಎತ್ತಿದರು. ತರಗತಿಯಲ್ಲಿ ಮಕ್ಕಳು ಎತ್ತುತ್ತಾರಲ್ಲ, ಹಾಗೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಇಲ್ಲಿಯವರೆಗೆ ನನ್ನಿಂದಲೇ ಮಾತಾಡಿಸಿದವರು, ಈಗ ತಾವೇ ಇಂಗ್ಲಿಷಿನಲ್ಲಿ ಒಂದೊಂದೇ ಪದ ಇಟ್ಟು ಕೇಳಿದರು. ಇದು ಅಧ್ಯಕ್ಷನಾಗುವ ಮೊದಲು ಬರೆದದ್ದೋ, ಆದ ಮೇಲೋ?

ಗೈಡ್ ತಾರೀಖು ಓದಿದ. ಅಧಿಕಾರ ಬಿಟ್ಟು ಬಂದ ಹನ್ನೊಂದನೆಯ ದಿನ.

ಅತ್ತೆ ಗಾಜಿನ ಮೇಲೆ ಬೆರಳಿಟ್ಟು ಆ ಸಾಲನ್ನು ತಾವೇ ಓದಿದರು. ಆಗ ಸುಶ್ರುತ, ಮನೆಯಲ್ಲಿ ಒಂದು ಮಾತಿಗೆ ಒಂದೇ ಪದ ಉತ್ತರ ಕೊಡುವ ಹುಡುಗ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಅಜ್ಜಿಯ ಕಥೆ ಹೇಳಿದ. ಪಾಠ, ಮೂವತ್ತೊಂದು ವರ್ಷ, ಗುರುದೇವಿ, ಎಲ್ಲ. ಗೈಡ್ ಒಂದು ಹೆಜ್ಜೆ ಹಿಂದೆ ಸರಿದು, ಪಾಠದ ಆ ಕೊನೆಯ ಸಾಲನ್ನು ನಿಮ್ಮ ಭಾಷೆಯಲ್ಲೇ ಇಲ್ಲಿ ಹೇಳುತ್ತೀರಾ ಎಂದು ಕೇಳಿದ.

ಅತ್ತೆ ಸೆರಗು ಸರಿಮಾಡಿಕೊಂಡರು. ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು. ಆ ಅಡುಗೆಮನೆಯಲ್ಲಿ, ಕಾಲುಚೀಲದಲ್ಲಿ ನಿಂತಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ತಿಳಿಯದು.

ಹೊರಗೆ ಬಂದು, ಶೂ ಹಾಕಿಕೊಳ್ಳುವ ಮುಂಚೆಯೇ ಅತ್ತೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದರು. "ಗುರುದೇವಿ, ನಾ ಶಾಂತವ್ವ ಟೀಚರ್. ನೋಡಿದೆನವಾ. ಖರೇ ಐತಿ. ನೀ ಕೇಳಿದ್ದೂ ಖರೇ ಇತ್ತು. ಹೊರಗ ನಿಲ್ಲಿಸಿದ್ದು ನಂದು ತಪ್ಪು."

ಆಮೇಲೆ ಕಾರಿನ ಹತ್ತಿರ ನಿಂತು ಕೇಳಿದರು. "ಇಲ್ಲಿಂದ ಶ್ರೀಕಾಂತನ ಊರು ಎಷ್ಟು ದೂರ?"

ನೂರ ನಲವತ್ತೈದು ಮೈಲು. ಮನೆಗೂ ಹೆಚ್ಚುಕಡಿಮೆ ಅಷ್ಟೇ. ಬಂದದ್ದಂತೂ ಬಂದಿದ್ದೇವೆ ಎಂದು ಪೂರ್ವಕ್ಕೆ ತಿರುಗಿಸಿದೆ. ದಾರಿ ತೋರಿಸಬೇಕಾಗಿದ್ದ ಸುಶ್ರುತ ಹತ್ತು ನಿಮಿಷಕ್ಕೆಲ್ಲ ಬಾಯಿ ತೆರೆದು ನಿದ್ದೆ ಹೋದ. ಎರಡು ಗಂಟೆ ಎಚ್ಚರವೇ ಇಲ್ಲ. ಒಂದು ಎಕ್ಸಿಟ್ ತಪ್ಪಿತು, ಎಲ್ಲ ನಾನೇ ನೋಡಿಕೊಳ್ಳಬೇಕಾಯಿತು.

ಶ್ರೀಕಾಂತ್ ಬಾಗಿಲು ತೆಗೆದವನು ಮೊದಲು ಅಮ್ಮನನ್ನು ನೋಡಿದ, ಆಮೇಲೆ ಮಗನನ್ನು, ಆಮೇಲೆ ನಮ್ಮ ಹಿಂದೆ ಯಾರಾದರೂ ಇದ್ದಾರೇನೋ ಎಂದು ಮೆಟ್ಟಿಲ ಕಡೆಗೆ. "ಯಾರು ಡ್ರೈವ್ ಮಾಡಿದ್ದು?" ಎಂದ.

"ಮೊದ್ಲು ಒಳಗೆ ಬಿಡು, ಬಾತ್‌ರೂಮಿಗೆ ಹೋಗ್ಬೇಕು" ಎಂದೆ.

ನಾನು ಹೊರಗೆ ಬಂದಾಗ ಅವನು ಸೋಫಾದಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದ. ಕೆಲಸ ಜಾಸ್ತಿಯಾಗಿದೆ ಅವನಿಗೆ.

ಈಗ ಗುರುದೇವಿಯ ಉತ್ತರ ಬಂದಿದೆ. ಅತ್ತೆ ಹಾಸಿಗೆಯಲ್ಲೇ ಎದ್ದು ಕುಳಿತು ಮೂರು ಸಲ ಕೇಳಿದರು. ನಾನೂ ಕೇಳಿದೆ. ಐವತ್ತರ ಹತ್ತಿರದ ಹೆಡ್‌ಮಿಸ್ಟ್ರೆಸ್, ನಗುತ್ತಲೋ ಅಳುತ್ತಲೋ, ಒಂದೇ ಮಾತು ಹೇಳಿದ್ದಾರೆ: "ಟೀಚರ್, ಹಂಗಾದ್ರ ನಾ ಇನ್ನ ಒಳಗ ಬರ್ಲೇನ್ರಿ?"

ಅಕ್ಟೋಬರ್ 26, ಸಂಜೆ. ಲಿಸ್ಲ್

ಇನ್ನೂರ ಎಂಬತ್ತೈದು ಮೈಲು. ಗಡಿಯ ಹತ್ತಿರ ಮಳೆ ಬಂತು, ವೈಪರ್ ಹಾಕಿದೆ.

ಕಾರು ಖಾಲಿ ಮಾಡುವಾಗ ಬುತ್ತಿ ಚೀಲದ ತಳದಲ್ಲಿ ನಾಲ್ಕು ನಿಂಬೆಹಣ್ಣು ಸಿಕ್ಕವು, ಇಡಿಯಾಗಿ. ನಿನ್ನೆಯ ಗಡಿಬಿಡಿಯಲ್ಲಿ ಚಕ್ರಕ್ಕೆ ಇಡುವುದನ್ನೇ ಮರೆತಿದ್ದೆವು. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ.

"ಅತ್ತೆ, ಮರ್ತೇಬಿಟ್ವಲ್ಲ!" ಎಂದೆ.

"ನೀ ಮರತಿ" ಎಂದರು ಅವರು, ಶೂ ಬಿಚ್ಚುತ್ತ. "ನಾ ಕೈಯಾಗ ಹಿಡಕೊಂಡ ನಿಂತಿದ್ದೆ. ನೀ ಕೇಳಲೇ ಇಲ್ಲ, ಸುಮ್ಮನ ಚೀಲಕ್ಕ ಹಾಕ್ಕೊಂಡೆ."

ಅವರ ಕಾಲು ಮುಟ್ಟಿದೆ.

ಹಣ್ಣು ಒಳ್ಳೆಯವಿದ್ದವು, ನಾಲ್ಕನ್ನೂ ಹಿಂಡಿ ರಾತ್ರಿಯ ಊಟಕ್ಕೆ ಚಿತ್ರಾನ್ನ ಕಲಸಿದೆ. ಗುರುವಾರ ಅತ್ತೆಯನ್ನು ಓಹೇರ್ ವಿಮಾನ ನಿಲ್ದಾಣಕ್ಕೆ ಬಿಡಲು ಶ್ರೀಕಾಂತ್ ರಜೆ ಹಾಕುತ್ತಾನಂತೆ. ಬೇಡ ಎಂದೆ. ಇಲ್ಲೇ ಇರುವ ಓಹೇರ್‌ಗೆ ಯಾಕೆ ರಜೆ?